ಬೀಸುವ ಕೂಲಿ

ಅದ್ರೆ ಊರಿನ ಆಚೆ, ಮರಳ ಮೇಲೆ,
ನಮ್ಮ ಸಂಸ್ಥೆಯ ಉಗ್ರಾಣ:
ತಗಡಿನ ಮಾಡು, ಒಂದು ತಕ್ಕಡಿ,
ಇಲಿಗೆ ಹೆದರುವ ಒಂದು ಬೆಕ್ಕು,
ಮತ್ತು ನಾನು, ಲೆಕ್ಕ ಬರೆಯುವವನು.

ತಲೆಗೆ ಹನ್ನೆರಡು ಕಿಲೋ ಜೋಳ.
ಎಣ್ಣೆ ಬಂದ ತಿಂಗಳು ಎಣ್ಣೆ.
ಉಪ್ಪು ಬರುತ್ತದೆ ಎಂದು ಹೇಳಿ, ಬಾರದ ತಿಂಗಳೂ
ಬರುತ್ತದೆ ಎಂದೇ ಹೇಳುವುದು.
ಹೆಬ್ಬೆಟ್ಟಿಗೆ ನೀಲಿ ಶಾಯಿ. ಮುಂದಿನವರು.

ಗಡಿ ಎಂದರೆ ಒಂದು ಒಣ ಹಳ್ಳ,
ಕತ್ತೆಗಳು ಯಾರನ್ನೂ ಕೇಳದೆ ದಾಟುತ್ತವೆ.
ಜೆನೀನಾದವರು ಅದನ್ನು ರಾತ್ರಿ ದಾಟಿದರು,
ಕೆಲವರು ಒಂಟಿ ಚಪ್ಪಲಿಯಲ್ಲಿ.
ಅದರ ಬಗ್ಗೆ ನಾನು ಕೇಳುವುದಿಲ್ಲ.
ನನ್ನ ಕಾಗದದಲ್ಲಿ ಅದಕ್ಕೆ ಕಾಲಂ ಇಲ್ಲ.

ಖಮೀಸಾ ಗುರುವಾರ ಹುಟ್ಟಿದವಳು, ಹೆಸರೇ ಹೇಳುತ್ತದೆ.
ಬಂದದ್ದು ಸೋಮವಾರ, ಪಡಿತರವಿಲ್ಲದ ದಿನ.
ಸೆರಗಿನ ಗಂಟು ಬಿಚ್ಚಿ ನನ್ನ ಮೇಜಿನ ಮೇಲೆ
ಒಂದು ಹಿಡಿ ಜೋಳ ಸುರಿದಳು.
"ತಿನ್ನು."
ನಾನು ನಕ್ಕೆ.
"ತಿನ್ನು ಅಂದೆ."
ನಾಲ್ಕು ಕಾಳು ಬಾಯಿಗೆ ಹಾಕಿಕೊಂಡೆ. ದವಡೆ ಕಟಕ್ ಎಂದಿತು.

"ಹಾಗೇ ಆಗುತ್ತದೆ. ನೀವು ಕೊಡುವುದು ಕಾಳು,
ಮಕ್ಕಳು ಉಣ್ಣುವುದು ಹಿಟ್ಟು.
ನಡುವೆ ಸಂತೆಯಲ್ಲಿ ಒಬ್ಬ ಇದ್ದಾನೆ,
ಅವನ ಹತ್ತಿರ ಯಂತ್ರ ಇದೆ, ಡೀಸೆಲ್ ಇದೆ, ನಗು ಇದೆ.
ಐದು ಬೋಗುಣಿ ಬೀಸಿದರೆ ಒಂದು ಅವನಿಗೆ.
ನಿನ್ನ ಪುಸ್ತಕದಲ್ಲಿ ನಾವು ಆರು ಜನ.
ಏಳನೆಯವನು ಅವನು. ಅವನ ಹೆಬ್ಬೆಟ್ಟೂ ಒತ್ತಿಸಿಕೋ."

ಊರಲ್ಲಿ ಅವಳಿಗೊಂದು ಕಲ್ಲಿತ್ತಂತೆ, ಮುರ್ಹಾಕ.
ಅಜ್ಜಿಯ ಮೊಣಕಾಲು, ಅಮ್ಮನ ಮೊಣಕಾಲು
ಒಂದೇ ಕಡೆ ಊರಿ ಊರಿ ನೆಲ ತಗ್ಗಾಗಿತ್ತಂತೆ.
ಓಡುವಾಗ ಮಗುವನ್ನು ಬೆನ್ನಿಗೆ ಕಟ್ಟಬಹುದು,
ಮೇಕೆಯನ್ನು ಎಳೆಯಬಹುದು,
ಕಲ್ಲನ್ನು ಯಾರು ಹೊರುತ್ತಾರೆ?
"ಮನೆ ಸುಟ್ಟಿತು. ಕಲ್ಲು ಸುಡುವುದಿಲ್ಲ.
ಅಲ್ಲೇ ಕೂತಿದೆ, ಕೆಲಸವಿಲ್ಲದೆ."

ರಾತ್ರಿ ರಾಜಧಾನಿಗೆ ಬರೆದೆ: ಕಲ್ಲು ಬೇಕು.
ಉತ್ತರ ಬಂತು: ಎಂಥ ಕಲ್ಲು? ಕಟ್ಟಡಕ್ಕೆ?
ಬರೆದೆ: ಅಲ್ಲ, ಹಿಟ್ಟಿಗೆ.
ಮೂರು ವಾರ ಬಿಟ್ಟು: ಕಲ್ಲು ಪಟ್ಟಿಯಲ್ಲಿಲ್ಲ.
ಪಟ್ಟಿಯಲ್ಲಿದ್ದದ್ದು ಬಕೆಟ್ಟು, ಸಾಬೂನು, ಸೊಳ್ಳೆಪರದೆ,
ಮತ್ತು ಯಾರೋ ಪುಣ್ಯಾತ್ಮರು ಕೂತು ಹೆಣೆದು ಕಳಿಸಿದ
ಉಣ್ಣೆ ಟೊಪ್ಪಿಗೆ, ಮುನ್ನೂರ ಹನ್ನೆರಡು.
ಬೆಕ್ಕಿಗೆ ಅವು ಬಹಳ ಹಿಡಿಸಿದವು.

ಕೊನೆಗೆ ಕಲ್ಲು ತಂದವನು ಬಿಷಾರಾ,
ನಮ್ಮ ಲಾರಿ ಓಡಿಸುವವನು, ಯಾರನ್ನೂ ಕೇಳದೆ.
ಅಬೇಶೆಯಿಂದ ಬರುವ ದಾರಿಯಲ್ಲಿ ಹಜರ್ ಹದೀದ್,
ಕಬ್ಬಿಣದ ಕಲ್ಲು ಎಂದೇ ಆ ಊರಿನ ಹೆಸರು.
ಅಲ್ಲಿ ನಿಲ್ಲಿಸಿ ಮೂಟೆಗಳ ಮೇಲೆ ಹದಿಮೂರು ಬಂಡೆ ಹೇರಿದ.
ಒಂದು ಟೈರು ಸಿಡಿಯಿತು.
ಬಿಲ್ಲಿನಲ್ಲಿ ಅವನು ಬರೆದ ಕಾರಣ: ರಸ್ತೆ.

ಹೆಂಗಸರು ಬಂದರು. ಬಂಡೆಗಳಿಗೆ ಬೆರಳು ಬಡಿದು
ಕಿವಿಯಿಟ್ಟರು, ಕಲ್ಲಂಗಡಿ ಕೊಳ್ಳುವವರ ಹಾಗೆ.
ನಾಲ್ಕು ಬೇಡವೆಂದರು.
ಇದು ಮೆತ್ತಗೆ, ಹಿಟ್ಟಿಗೆ ಮರಳು ಬಿಡುತ್ತದೆ.
ದಾನಕ್ಕೆ ಬಂದದ್ದನ್ನು ಯಾರಾದರೂ ಬೇಡವೆಂದದ್ದು
ನಾನು ನೋಡಿದ್ದು ಅದೇ ಮೊದಲು.
ಎಷ್ಟು ಚಂದ ಇತ್ತು.

ಉಳಿದ ಒಂಬತ್ತಕ್ಕೆ, ಉಳಿಯಿಲ್ಲದೆ,
ಕಲ್ಲಿಗೆ ಕಲ್ಲು ಬಡಿದು ತರಿ ಎಬ್ಬಿಸಿದರು.
ಎಂಟು ದಿನ ನನಗೆ ತಲೆನೋವು.
ಆಮೇಲೊಂದು ನಸುಕಿನಲ್ಲಿ ಡೇರೆಗಳ ನಡುವಿಂದ ಸದ್ದು.
ಗುಂಡಿನದಲ್ಲ, ಲಾರಿಯದಲ್ಲ,
ಕಲ್ಲಿನ ಮೇಲೆ ಕಲ್ಲು ಹೋಗಿ ಬರುವುದು.
ಅವ್ವ ಎದ್ದಿದ್ದಾಳೆ, ಇನ್ನೊಂದಿಷ್ಟು ಮಲಗಬಹುದು ಎಂದು
ಚಿಕ್ಕಂದಿನಲ್ಲಿ ನಾನು ಮಗ್ಗುಲು ಬದಲಿಸುತ್ತಿದ್ದ ಸದ್ದು.
ಮಲಗಿದೆ. ಉಗ್ರಾಣ ತೆರೆದದ್ದು ಅರ್ಧ ಗಂಟೆ ತಡ.

ಲೆಕ್ಕ ತಪಾಸಣೆಗೆ ಬಂದವರು ಕೇಳಿದರು:
ಒಂಬತ್ತು ಕಲ್ಲು, ದಾನಿ ಯಾರು?
"ಬೆಟ್ಟ," ಎಂದೆ. ಬರೆದುಕೊಂಡರು.

ಪಡಿತರದ ದಿನ ಖಮೀಸಾ ಸಾಲಿನಲ್ಲಿ ನಿಂತು ಬಂದಳು.
ನಮಸ್ಕಾರವಿಲ್ಲ, ಉಪಕಾರದ ಮಾತಿಲ್ಲ.
ಹೆಬ್ಬೆಟ್ಟಿನ ಗೆರೆಗಳಲ್ಲಿ ಹಿಟ್ಟು, ಶಾಯಿ ಹಿಡಿಯಲಿಲ್ಲ.
ಇನ್ನೊಮ್ಮೆ ಒತ್ತು ಎಂದೆ.
ಒತ್ತಿದಳು. "ಆರು ಜನ," ಅಂದಳು, "ಸರಿಯಾಗಿ ಬರೆ."
ಬರೆದೆ.
"ಉಪ್ಪು?"
ಬರುತ್ತದೆ, ಎಂದೆ.